ವಾಸನೆ ಹೋದ ಹಿಂಡಿ

ನಾಯಿಯ ತಿಂಡಿಯನ್ನು ಪರೀಕ್ಷೆ ಮಾಡಿಸಲು ಯಾರಾದರೂ ನಮ್ಮ ಮೆಟ್ಟಿಲು ಹತ್ತಿಯಾರೆಂದು ನಾನು ಅಂದುಕೊಂಡಿರಲಿಲ್ಲ. ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಖಾಸಗಿ ಪ್ರಯೋಗಾಲಯವಿತ್ತು. ವ್ಯಾಪಾರಿಗಳು ಎಣ್ಣೆ, ಅರಿಸಿನ, ಚಹಾಪುಡಿ, ಬೇಳೆ ತರುತ್ತಿದ್ದರು. ಅದರಲ್ಲಿ ಕಲಬೆರಕೆ ಇದೆಯೇ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ. ಎಂಬತ್ತರ ದಶಕದ ನಡುವಿನ ಮಾತು ಇದು. ಮಳೆ ಹಿಂದೆ ಸರಿಯುತ್ತಿತ್ತು, ಗಣಪತಿಯನ್ನು ಕಳಿಸಿ ಆಗಿತ್ತು. ಒಂದು ಮಧ್ಯಾಹ್ನ ಆ ಭಾಗದ ನಾಯಿ ಡಾಕ್ಟರು ಛತ್ರಿ ಜಾಡಿಸುತ್ತ ಬಂದು ನನ್ನ ಮೇಜಿನ ಮೇಲೆ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಒಳಗೆ ಮೂಳೆಯ ಆಕಾರದ ಕಂದು ಬಿಸ್ಕೀಟುಗಳಿದ್ದವು.

“ಬಾಯಿ, ಸಗಳ್ಯಾಂಚೆ ಡೋಳೆ ಪಿವಳೆ,” ಎಂದರು. ಅವರು ಮರಾಠಿಯವರು. ಅಮ್ಮಾ, ಎಲ್ಲವುಗಳ ಕಣ್ಣು ಹಳದಿ ಎಂದು ಅದರ ಅರ್ಥ. ಠಾಣೆಯಿಂದ, ಕಲ್ಯಾಣದಿಂದ, ಡೊಂಬಿವಲಿಯಿಂದ ಅವರ ಬಳಿಗೆ ಕಾಮಾಲೆಯಾದ ನಾಯಿಗಳು ಬರುತ್ತಿದ್ದವು. ಮೊದಲು ಊಟ ಬಿಡುತ್ತವೆ, ಆಮೇಲೆ ಮಂಕಾಗಿ ಮೂಲೆ ಹಿಡಿಯುತ್ತವೆ, ಮೂತ್ರ ಕಪ್ಪಗಾಗುತ್ತದೆ, ಕೊನೆಗೆ ವಸಡಿನಿಂದ ರಕ್ತ ಬರುತ್ತದೆ. ಕೆಲವು ಆಗಲೇ ಸತ್ತಿದ್ದವು. ಒಂದರ ಮನೆಗೂ ಇನ್ನೊಂದರ ಮನೆಗೂ ಸಂಬಂಧವಿರಲಿಲ್ಲ. ಮನೆಯವರನ್ನು ಕೆದಕಿ ಕೆದಕಿ ಕೇಳಿದಾಗ ಎಲ್ಲರಲ್ಲೂ ಸಿಕ್ಕಿದ್ದು ಈ ಬಿಸ್ಕೀಟು ಒಂದೇ. ಅಂಬರನಾಥದ ಒಂದು ಸಣ್ಣ ಬೇಕರಿಯಲ್ಲಿ ತಯಾರಾಗಿ, ಅಂಗಡಿಗಳಲ್ಲಿ ತಗಡಿನ ಡಬ್ಬಿಯಿಂದ ಬಿಡಿಬಿಡಿಯಾಗಿ ಮಾರಾಟವಾಗುತ್ತಿತ್ತು. ರೊಟ್ಟಿ, ಅನ್ನ ತಿಂದು ಬೆಳೆದ ನಮ್ಮ ಓಣಿಯ ನಾಯಿಗಳಿಗೆ ಅದೊಂದು ಹೊಸ ಶೋಕಿ.

ನಮ್ಮ ಸಾಹೇಬರು ತಲೆ ಕೆರೆದುಕೊಂಡರು. ಮನುಷ್ಯರ ಆಹಾರಕ್ಕೆ ಕಾಯಿದೆ ಇದೆ, ಇಷ್ಟಿರಬೇಕು ಇಷ್ಟಿರಬಾರದು ಎಂಬ ಲೆಕ್ಕವಿದೆ. ನಾಯಿಯ ಆಹಾರವನ್ನು ಯಾವ ಲೆಕ್ಕಕ್ಕೆ ಹೋಲಿಸಿ ನೋಡುವುದು ಎಂಬುದು ಅವರ ಪ್ರಶ್ನೆ. ನಾಯಿಯ ಯಕೃತ್ತು ಕಾಯಿದೆ ಓದಿಕೊಂಡು ಕೆಡುವುದಿಲ್ಲ, ಬೇರೆ ಕೆಲಸ ಮುಗಿಸಿ ನಾನೇ ಮಾಡುತ್ತೇನೆ ಎಂದೆ. ನಾನು ಬಾಯಿ ಜೋರಿನವಳು. ಅವರು ವಾದ ಬೆಳೆಸಲಿಲ್ಲ.

ಅಂಬರನಾಥ ಎಂದೊಡನೆ ಎಲ್ಲರ ಮನಸ್ಸೂ ಅಲ್ಲಿನ ರಾಸಾಯನಿಕ ಕಾರ್ಖಾನೆಗಳತ್ತ ಹೋಗುತ್ತದೆ. ನನ್ನದೂ ಹಾಗೇ ಹೋಯಿತು. ಬಿಸ್ಕೀಟನ್ನು ಬಲವಾದ ಆಮ್ಲದಲ್ಲಿ ಕುದಿಸಿ ಕರಗಿಸಿ, ಸೀಸ, ಪಾಷಾಣ, ಪಾದರಸ ಇದೆಯೇ ಎಂದು ಒಂದೊಂದಾಗಿ ಹುಡುಕಿದೆ. ಅದಕ್ಕೆ ಬಳಸುವ ಅನಿಲಕ್ಕೆ ಕೊಳೆತ ಮೊಟ್ಟೆಯ ನಾತ. ಕೆಳಗಿನ ಸೀರೆ ಅಂಗಡಿಯವರು ಮೇಲೆ ಬಂದು, ಗಿರಾಕಿಗಳು ಮೂಗು ಮುಚ್ಚಿಕೊಂಡು ಓಡಿಹೋಗುತ್ತಿದ್ದಾರೆಂದು ಜಗಳ ತೆಗೆದರು. ಇಷ್ಟೆಲ್ಲ ಆಗಿಯೂ ಏನೂ ಸಿಗಲಿಲ್ಲ. ಇಲಿ ಪಾಷಾಣವೂ ಇರಲಿಲ್ಲ. ಬೇಕರಿಯನ್ನೇ ನೋಡಿ ಬರುವುದೆಂದು ಅಂಬರನಾಥದ ಲೋಕಲ್ ರೈಲು ಹತ್ತಿದೆ.

ಬೇಕರಿಯ ಯಜಮಾನರು ಕುಂದಾಪುರದ ಕಡೆಯವರು. ಹೋಟೆಲುಗಳಲ್ಲಿ ದುಡಿದು ದುಡಿದು ಕೊನೆಗೆ ಸ್ವಂತದ ಭಟ್ಟಿ ಹಾಕಿದವರು. ಟೋಸ್ಟು, ಖಾರಿ, ನಾನ್‌ಖಟಾಯಿ ಅವರ ಹಳೆಯ ಮಾಲು. ನಾಯಿ ಬಿಸ್ಕೀಟು ಎರಡು ವರ್ಷದ ಹೊಸ ಸಾಹಸ. ಕನ್ನಡ ಕೇಳಿದ್ದೇ ಅವರ ಮುಖ ಅರಳಿತು.

“ಬನ್ನಿ ಮೇಡಂ, ನಮ್ಮಲ್ಲಿ ಮುಚ್ಚಿಡ್ಲಿಕ್ಕೆ ಎಂತದೂ ಇಲ್ಲ. ನೀವೇ ನೋಡಿ,” ಎಂದು ಒಳಗೆಲ್ಲ ಸುತ್ತಾಡಿಸಿದರು. ಸ್ವಚ್ಛವಾದ ಜಾಗ. ಗೋಧಿ ಬೂಸ, ಟೋಸ್ಟಿನ ಪುಡಿ, ಬೆಲ್ಲ, ಮೂಳೆ ಪುಡಿ, ಶೇಂಗಾ ಹಿಂಡಿ, ಇಷ್ಟನ್ನೂ ಕಲಸಿ ಅಚ್ಚೊತ್ತಿ ಬೇಯಿಸುತ್ತಿದ್ದರು. ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ.

“ಟೋಸ್ಟು, ಖಾರಿ ಒಂದೊಂದು ಒಬ್ಬೆಯನ್ನೂ ನಾನೇ ತಿಂದು ನೋಡಿ ಹೊರಗೆ ಬಿಡುದು,” ಎಂದರು. “ಇದನ್ನು ಮಾತ್ರ ಬಾಯಿಗೆ ಹಾಕುದಿಲ್ಲ. ಮೂಳೆ ಪುಡಿ ಉಂಟಲ್ಲ, ನಮಗೆ ಆಗುದಿಲ್ಲ. ಮೂಸಿ ನೋಡ್ತೇನೆ, ಅಷ್ಟು ಸಾಕಾಗ್ತದೆ.”

ಹಿಂಡಿಯ ಚೀಲಗಳ ಹತ್ತಿರ ನಿಂತಾಗ ಅವರಾಗಿಯೇ ಹೇಳಿದರು: “ಈ ಮಳೆಗಾಲದಲ್ಲಿ ಲಾರಿಯ ತಾಡಪತ್ರಿ ಹರಿದು ಮಾಲು ಸ್ವಲ್ಪ ನೆನೆದು ಬಂತು ಮೇಡಂ. ಮುಗ್ಗು ವಾಸನೆ ಬರ್ತಿತ್ತು. ಹಾಗಂತ ಬಿಸಾಡ್ಲಿಕ್ಕೆ ಮನಸ್ಸು ಬರ್ತದಾ? ಒಣಗಿಸ್ಲಿಕ್ಕೆ ಬಿಸಿಲೂ ಇಲ್ಲ. ಬೇಕಾದಷ್ಟು ಬೇಕಾದಷ್ಟು ತೆಗೆದು, ಭಟ್ಟಿಯಲ್ಲಿ ಚೆಂದ ಮಾಡಿ ಹುರಿದು ಹಾಕಿದೆವು. ಈಗ ನೋಡಿ, ಘಂ ಅಂತದೆ.”

ನಾನು ತಲೆಯಾಡಿಸಿದೆ. ನಮ್ಮ ಗದಗಿನ ಮನೆಯಲ್ಲಿ ಅವ್ವ ಮಾಡುತ್ತಿದ್ದದ್ದೂ ಅದನ್ನೇ. ಮುಗ್ಗಿದ ಕಾಳನ್ನು ಬಿಸಿಲಿಗೆ ಹರವು, ಬಿಸಿಲಿಲ್ಲದಿದ್ದರೆ ಹುರಿ, ಸರಿಹೋಗುತ್ತದೆ. ಘಟ್ಟದ ಕೆಳಗೂ ಮೇಲೂ ಇದನ್ನು ಒಪ್ಪದ ಅಡುಗೆಮನೆ ಇರಲಿಕ್ಕಿಲ್ಲ. ಕಾಳು ಚೆಲ್ಲುವವಳನ್ನು ನಮ್ಮ ಕಡೆ ಮನೆ ಹಾಳು ಮಾಡುವವಳು ಎನ್ನುತ್ತಾರೆ.

ಆದರೂ ಶೇಂಗಾದ ಮೇಲೆ ಬರುವ ಒಂದು ಜಾತಿಯ ಬೂಷ್ಟು ಯಕೃತ್ತು ಕೆಡಿಸುವ ವಿಷವನ್ನು ಉಂಟುಮಾಡುತ್ತದೆ ಎಂಬುದು ನನಗೆ ತಿಳಿದಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಡಾಕ್ಟರು ತಂದ ಬಿಸ್ಕೀಟು ಹಿಂದಿನ ಪರೀಕ್ಷೆಗಳಲ್ಲೇ ಮುಗಿದಿತ್ತು, ವಿಷವಿದ್ದರೆ ಮೂಲದಲ್ಲೇ ಸಿಗಬೇಕೆಂದು ಹಿಂಡಿ ಕೇಳಿದ್ದಕ್ಕೆ ಯಜಮಾನರು ಬಾಯಿ ಬಿಚ್ಚಿದ್ದ ಚೀಲದಿಂದ ಎರಡು ಬೊಗಸೆ ಹಿಂಡಿಯನ್ನು ತೆಗೆದುಕೊಟ್ಟರು. ಪ್ರಯೋಗಾಲಯಕ್ಕೆ ತಂದು ಕ್ಲೋರೋಫಾರ್ಮಿನಲ್ಲಿ ಕುಲುಕಿ, ಸೋಸಿ, ಬಿಸಿನೀರಿನ ತೊಟ್ಟಿಯ ಮೇಲೆ ಇಂಗಿಸಿದೆ. ಉಳಿದ ಸಾರದ ಒಂದು ಹನಿಯನ್ನು ಬಿಳಿ ಪುಡಿಯ ತೆಳು ಲೇಪವಿದ್ದ ಗಾಜಿನ ಫಲಕದ ಮೇಲೆ ಇಟ್ಟೆ. ಪಕ್ಕದಲ್ಲಿ ಹೋಲಿಕೆಗೆಂದು ಗೊತ್ತಿರುವ ವಿಷದ ಒಂದು ಹನಿ. ಫಲಕ ದ್ರಾವಣವನ್ನು ಹೀರಿಕೊಂಡ ಮೇಲೆ ಕಪ್ಪು ಪೆಟ್ಟಿಗೆಯೊಳಗಿನ ಅತಿನೇರಳೆ ದೀಪದ ಕೆಳಗೆ ಹಿಡಿದು ನೋಡಬೇಕು. ವಿಷವಿದ್ದರೆ ನೀಲಿ ಚುಕ್ಕೆ ಬೆಳಗುತ್ತದೆ. ಹೋಲಿಕೆಯ ಚುಕ್ಕೆ ಬೆಳಗಿತು, ಹಿಂಡಿಯ ಜಾಗ ಕಪ್ಪಾಗಿಯೇ ಇತ್ತು. ಕೊಟ್ಟ ನಮೂನೆಯಲ್ಲಿ ಕಂಡುಬಂದಿಲ್ಲ ಎಂದು ಬರೆದೆ.

ಡಾಕ್ಟರಿಗೂ ಅದು ಸರಿ ಎನಿಸಿತು. ಮಳೆಗಾಲದಲ್ಲಿ ಇಲಿಯ ಉಚ್ಚೆ ಬೆರೆತ ನೀರಿನಿಂದಲೂ ನಾಯಿಗೆ ಕಾಮಾಲೆ ಬರುತ್ತದೆ. ಮೋರಿಗಳೆಲ್ಲ ತುಂಬಿ ಹರಿದ ವರ್ಷ ಅದು. ಅವರು ಇಲಿ ಜ್ವರದ ಚುಚ್ಚುಮದ್ದು ಶುರುಮಾಡಿದರು. ಬೇಕರಿಯಿಂದ ನಮಗೆ ಒಂದು ಡಬ್ಬಿ ನಾನ್‌ಖಟಾಯಿ ಬಂತು. ಎಲ್ಲರೂ ತಿಂದೆವು. ಚೆನ್ನಾಗಿತ್ತು.

ನಾಯಿಗಳು ಸಾಯುವುದು ಮಾತ್ರ ನಿಲ್ಲಲಿಲ್ಲ.

ನಾನು ಆಗ ಡೊಂಬಿವಲಿಯಲ್ಲಿ ಒಂದು ಹಳೆಯ ಚಾಳಿನ ಮಾಳಿಗೆಯ ಕೋಣೆಯಲ್ಲಿದ್ದೆ. ಕೆಳಗೆ ಧಾರವಾಡದ ಕಡೆಯ ಹೆಂಗಸೊಬ್ಬರು ಖಾನಾವಳಿ ನಡೆಸುತ್ತಿದ್ದರು. ಎಲ್ಲರಿಗೂ ಅವರು ಕಾಕು. ನನ್ನ ಮಧ್ಯಾಹ್ನದ ಡಬ್ಬಿ ಅವರದೇ. ಗಂಡ ತೀರಿಕೊಂಡ ಮೇಲೆ ಒಬ್ಬರೇ ರೊಟ್ಟಿ ಬಡಿದು, ಹೊತ್ತಿಗೆ ನಲವತ್ತು ಮಂದಿಗೆ ಬಡಿಸುತ್ತಿದ್ದ ಗಟ್ಟಿಗಿತ್ತಿ. ಅವರ ನಾಯಿ ಮೋತ್ಯಾ ಅರ್ಧ ಪಾಮೇರಿಯನ್, ಉಳಿದರ್ಧ ಏನೋ ದೇವರೇ ಬಲ್ಲ. ಖಾನಾವಳಿಯ ಹೊಸ್ತಿಲಲ್ಲಿ ಕೂತು, ಹಳೆಯ ಗಿರಾಕಿಗಳಿಗೆ ಬಾಲ ಆಡಿಸಿ, ಹೊಸಬರನ್ನು ಕಾಕು ‘ಬರ್ರಿ’ ಎನ್ನುವವರೆಗೆ ಒಳಗೆ ಬಿಡುತ್ತಿರಲಿಲ್ಲ. ಮಕ್ಕಳಿಲ್ಲದ ಕಾಕು ಅದನ್ನು ಬೈಯುವಾಗಲೂ ‘ನಮ್ಮಪ್ಪ’ ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿದಾಗ ಮೋತ್ಯಾ ಎದ್ದು ಬರಲಿಲ್ಲ. ಮೂತಿಯನ್ನು ಹೊಸ್ತಿಲ ಮೇಲೆ ಊರಿ ಮಲಗಿತ್ತು. ಕಾಕು ಚಟ್ನಿಗೆಂದು ಬಾಣಲೆಯಲ್ಲಿ ಶೇಂಗಾ ಹುರಿಯುತ್ತಿದ್ದರು.

“ಮೋತ್ಯಾಗ ಏನಾಗೇದ ಕಾಕೂ?” ಎಂದು ಕೇಳಿದೆ.

“ಮೊನ್ನಿಂದ ರೊಟ್ಟಿ ಮುಟ್ಟವಲ್ದು ತಂಗಿ. ಮಳಿಗೆ ಥಂಡಿ ಹತ್ತೇದ ಕಾಣ್ತದ. ಬಿಸ್ಕೀಟ ಹಾಲಾಗ ಅದ್ದಿ ಕೈಯಾಗ ಹಿಡದ್ರ ಮಾತ್ರ ಒಂದೀಟು ತಿಂತದ.”

“ಯಾವ ಬಿಸ್ಕೀಟ?”

ಕಾಕು ಸ್ವಲ್ಪ ನಾಚಿಕೊಂಡರು. “ಮಂದಿಗೆ ಎರಡನೇ ಸಲ ತುಪ್ಪ ಹಾಕದಾಕಿ ನಾಯಿಗೆ ಬಿಸ್ಕೀಟ ತರ್ತಾಳ ಅಂತ ನೀ ನಗಬಾರದು ನೋಡು,” ಎಂದು ಬೇಳೆ ಡಬ್ಬಿಗಳ ಹಿಂದಿನಿಂದ ಒಂದು ಪೊಟ್ಟಣ ತೆಗೆದರು. ಮೂಳೆಯ ಆಕಾರ, ಅದೇ ಕಂದು ಬಣ್ಣ.

ನಾನು ನೆಲಕ್ಕೆ ಕೂತು ಮೋತ್ಯಾನ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದೆ. ಹಳದಿ. ಏನು ಹೇಳಲೆಂದು ತಲೆ ಎತ್ತುವಷ್ಟರಲ್ಲಿ ಕಾಕು ಬಾಣಲೆ ಇಳಿಸಿ, ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ ನನ್ನ ಮೂಗಿಗೆ ಹಿಡಿದರು.

“ನೋಡು, ಎಷ್ಟು ಮುಗ್ಗಿದ್ವು. ಹುರದ ಕೂಡ್ಲೆ ವಾಸನಿ ಹೋತು.”

ವಾಸನೆ ಹೋಯಿತು. ಮತ್ತೇನು ಹೋಯಿತು? ಆ ಬೂಷ್ಟಿನ ವಿಷ ಭಟ್ಟಿಯ ಕಾವಿಗೆ ಬಗ್ಗುವಂಥದ್ದಲ್ಲ ಎಂದು ಓದಿದ್ದೆ. ಹುರಿದಾಗ ಬೂಷ್ಟು ಸಾಯುತ್ತದೆ, ಮುಗ್ಗು ಹೋಗುತ್ತದೆ, ವಿಷದ ಹೆಚ್ಚಿನ ಪಾಲು ಹಾಗೇ ಕೂತಿರುತ್ತದೆ. ಬೇಕರಿಯವರು ಅಷ್ಟು ಶ್ರದ್ಧೆಯಿಂದ ಹುರಿದು ತೆಗೆದದ್ದು ಎಚ್ಚರಿಕೆಯ ಆ ಒಂದು ಗುರುತನ್ನು ಮಾತ್ರ. ಇನ್ನು ನಾನು ನೋಡಿದ ನಮೂನೆ ಚೀಲದ ಬಾಯಿಯದು, ಗಾಳಿಯಾಡಿ ಒಣಗಿದ್ದು. ನೀರು ಇಳಿದು ನಿಲ್ಲುವುದು ಚೀಲದ ಹೊಟ್ಟೆಯಲ್ಲಿ.

“ಕಾಕೂ, ಇನ್ನ ಮ್ಯಾಲೆ ಇದನ್ನ ಒಂದ ಚೂರೂ ಕೊಡಬ್ಯಾಡ್ರಿ. ಈಗಿಂದೀಗ ಡಾಕ್ಟರ ಕಡೆ ಹೋಗೂಣು ನಡೀರಿ,” ಎಂದೆ.

“ಇದನ್ನೂ ಬಿಟ್ರ ಅದು ಏನ್ ತಿನ್ನಬೇಕವಾ?” ಎಂದರು ಕಾಕು. ಅವರಿಗೆ ಅರ್ಥ ಮಾಡಿಸುವಷ್ಟು ತಾಳ್ಮೆ ನನಗೆ ಉಳಿದಿರಲಿಲ್ಲ. ಪೊಟ್ಟಣ ಕಸಿದುಕೊಂಡೆ, ಬಾಣಲೆಯ ಶೇಂಗಾವನ್ನು ಒಲೆಗೆ ಸುರಿದೆ. ಖಾನಾವಳಿಗೆ ಬಂದವರು ಬೀಗ ನೋಡಿ ವಾಪಸು ಹೋಗಲಿ ಎಂದು ಕಾಕುವನ್ನೂ ಮೋತ್ಯಾನನ್ನೂ ರಿಕ್ಷಾದಲ್ಲಿ ಕೂರಿಸಿಕೊಂಡು ಠಾಣೆಗೆ ಹೊರಟೆ. ದಾರಿಯುದ್ದಕ್ಕೂ ಕಾಕು ಸೆರಗಿನಿಂದ ನಾಯಿಯ ಮೂತಿ ಒರೆಸುತ್ತ ಕೂತಿದ್ದರು. ಡಾಕ್ಟರು ನೋಡಿ, ಗ್ಲೂಕೋಸ್ ಏರಿಸಿ, ನನ್ನನ್ನು ಪಕ್ಕಕ್ಕೆ ಕರೆದು ತಲೆ ಅಲ್ಲಾಡಿಸಿದರು.

ಮರುದಿನ ಅಂಬರನಾಥಕ್ಕೆ ಹೋಗುವಾಗ ಪರಖಿಯನ್ನು ಒಯ್ದೆ. ದಲ್ಲಾಳಿಗಳು ಚೀಲದ ಒಡಲಿಗೆ ಚುಚ್ಚಿ ಕಾಳು ಸೆಳೆಯುವ ಕಬ್ಬಿಣದ ಕೊಳವೆ ಅದು. ಎಲ್ಲ ಚೀಲಗಳಿಗೂ ಚುಚ್ಚಬೇಕು, ಅಲ್ಲಿಯವರೆಗೆ ಭಟ್ಟಿ ನಿಲ್ಲಿಸಿ, ಅಂಗಡಿಗಳಿಂದ ಮಾಲು ವಾಪಸು ತರಿಸಿ ಎಂದೆ. ಯಜಮಾನರ ಮುಖ ಕೆಂಪಾಯಿತು.

“ಎಂತ ಮೇಡಂ ನೀವು? ಮೊನ್ನೆ ಇಲ್ಲ ಅಂತ ನೀವೇ ಬರೆದುಕೊಟ್ಟದ್ದಲ್ವಾ? ಇವತ್ತು ನಿಲ್ಲಿಸಿ ಅಂತೀರಿ. ಒಮ್ಮೆ ಅಂಗಡಿಯಿಂದ ವಾಪಸ್ ತಂದ್ರೆ ಮತ್ತೆ ನನ್ನ ಟೋಸ್ಟನ್ನೂ ಯಾರೂ ಮುಟ್ಟುದಿಲ್ಲ. ಪರೀಕ್ಷೆ ಮಾಡಿ, ಕಾಗದ ಬರಲಿ, ಆಮೇಲೆ ನೋಡುವ.”

“ಕಾಗದ ಬರೂತನಕ ಅವು ತಿಂತಾವಲ್ರಿ ಅಣ್ಣಾರ.”

ಅವರು ಒಂದು ಹಿಡಿ ಹುರಿದ ಹಿಂಡಿ ತಂದು ನನ್ನ ಮುಂದೆ ಹಿಡಿದರು. “ಮೂಸಿ ನೋಡಿ. ಇದರಲ್ಲಿ ಎಂತ ದೋಷ ಉಂಟು ಹೇಳಿ.”

ಮೂಸಿದೆ. ಬಾಯಲ್ಲಿ ನೀರೂರುವ ಪರಿಮಳ. “ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ ಅಂತಾರಲ್ರಿ, ಹಂಗ ಆಗೇದ,” ಎಂದೆ. “ನೀವು ಹುರದಿದ್ದಕ್ಕ ಹೋದದ್ದು ಬರೇ ವಾಸನಿ. ವಿಷ ಒಳಗ ಅದ.”

ಅವರು ಆ ಹಿಡಿಯನ್ನು ನೋಡುತ್ತ ನಿಂತರು. “ನಾಯಿಗೆ ಮೂಗು ನಮಗಿಂತ ಚುರುಕಲ್ವಾ?” ಎಂದರು. “ಹಾಳಾದ್ದು ಕೊಟ್ರೆ ಅದು ತಿನ್ನುದಿಲ್ಲ ಅಂತ ನನಗೆ ಧೈರ್ಯ ಇತ್ತು.”

ಹಾಗೆಂದವರೇ ಕೈಯಲ್ಲಿದ್ದ ಹಿಂಡಿಯನ್ನು ಮತ್ತೊಮ್ಮೆ ಮೂಸಿದರು.

“ಅಂದ್ರೆ, ಹುರಿಯದಿದ್ರೆ ಅವು ಮೂಸಿ ಬಿಡ್ತಿದ್ವು.”

ಗೋಡೆಗೆ ಒರಗಿಸಿದ್ದ ಮೈದಾ ಚೀಲದ ಮೇಲೆ ಕೂತುಬಿಟ್ಟರು. ಆಳುಗಳು ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ಅವರನ್ನು ಬೈಯಲೆಂದೇ ಲೋಕಲ್ ಹತ್ತಿದ್ದೆ. ಈಗ ಬೈಯುವುದಕ್ಕೆ ಏನೂ ಉಳಿದಿರಲಿಲ್ಲ. ಕೊನೆಗೆ ಅವರು ಎದ್ದು, ಭಟ್ಟಿಯೊಳಗಿನ ಟ್ರೇಗಳನ್ನು ಹೊರಗೆಳೆಯಲು ಹೇಳಿದರು. ನಾಲ್ಕು ಖಾಲಿ ಗೋಣಿಚೀಲ ಹೆಗಲಿಗೆ ಹಾಕಿಕೊಂಡರು. “ನೀವು ಚುಚ್ಚಿ ನೋಡಿ ಮೇಡಂ. ನಾನು ಮಾಲು ತರ್ತೇನೆ,” ಎಂದು ಸ್ಟೇಶನ್ನಿನ ಕಡೆ ನಡೆದರು. ಪರೀಕ್ಷೆಗೆ ಮೊದಲೇ, ಕಾಗದವಿಲ್ಲದೆ, ಕಲ್ಯಾಣ, ಡೊಂಬಿವಲಿ, ನೌಪಾಡಾದ ಅಂಗಡಿಗಳನ್ನು ಅವರು ತಾವೇ ಸುತ್ತಿದರು. ವಾಶಿಗೂ ಬಸ್ಸಿನಲ್ಲಿ ಹೋಗಿ ಬಂದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದೇ.

ಪ್ರತಿ ಚೀಲದ ಮೇಲೆ, ನಡುವೆ, ತಳಕ್ಕೆ ಪರಖಿ ಚುಚ್ಚಿ ಸೆಳೆದೆ. ಚೀಲ ಚೀಲದ್ದು ಬೇರೆ ಬೇರೆ ಬೀಸಿಸಿ, ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಇಟ್ಟುಕೊಂಡು, ಮತ್ತೆ ಗುಡ್ಡೆ, ಮತ್ತೆ ಪಾಲು. ಹಾಗೆ ಮಾಡಿದರೆ ಚೀಲದ ಯಾವ ಮೂಲೆಯ ಕೇಡೂ ಪುಡಿಯಲ್ಲಿ ಬೆರೆತು ಬರುತ್ತದೆ. ಪ್ರಯೋಗಾಲಯದಲ್ಲಿ ಕ್ಲೋರೋಫಾರ್ಮಿನ ಅದೇ ಕೆಲಸವನ್ನು ಮೊದಲಿನಿಂದ ಮಾಡಿದೆ. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ದೀಪ ಹಾಕಿದಾಗ ಕೆಲವು ಚೀಲಗಳ ಜಾಗ ಕಪ್ಪಾಗಿತ್ತು. ಉಳಿದವು, ಹೋಲಿಕೆಯ ಚುಕ್ಕೆಯನ್ನೂ ಮೀರಿಸಿ, ನೀಲಿಯಾಗಿ ಉರಿಯುತ್ತಿದ್ದವು. ಖಾತ್ರಿಗೆಂದು ಸಲ್ಫ್ಯೂರಿಕ್ ಆಮ್ಲ ಚಿಮುಕಿಸಿದೆ. ಈ ವಿಷವೇ ಆಗಿದ್ದರೆ ನೀಲಿ ಹಳದಿಗೆ ತಿರುಗಬೇಕು. ತಿರುಗಿತು. ಕಾಕು ಕೈಯಿಂದ ಕಸಿದು ತಂದಿದ್ದ ಬಿಸ್ಕೀಟೂ ಹಾಗೇ ತಿರುಗಿತು. ಸಿಕ್ಕಿತಲ್ಲ ಎಂದು ಸಂತೋಷಪಡಬೇಕಾದ ಗಳಿಗೆಯಲ್ಲಿ ಅಳು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಬಿಡಿಯಾಗಿ ಮಾರಿದ ಮಾಲು ಯಾರ ಯಾರ ಮನೆಗೆ ಹೋಗಿದೆ ಎಂದು ಯಾವ ಅಂಗಡಿಯವನಿಗೂ ಗೊತ್ತಿರಲಿಲ್ಲ. ಈ ಬಿಸ್ಕೀಟನ್ನು ನಾಯಿಗೆ ಹಾಕಬೇಡಿ, ವಾಪಸು ತನ್ನಿ ಎಂದು ಮರಾಠಿಯಲ್ಲಿ ಬರೆಸಿ ಯಜಮಾನರು ಹಲಗೆ ತೂಗುಹಾಕಿಸಿದರು. ಕೆಲವು ಅಂಗಡಿಯವರು ಒಪ್ಪಲಿಲ್ಲ. ಅಂಥ ಹಲಗೆ ಕಂಡರೆ ಗಿರಾಕಿಗಳು ಬ್ರೆಡ್ಡನ್ನೂ ಬಿಟ್ಟು ಹೋಗುತ್ತಾರೆ ಎಂದರು. ಹಲಗೆ ಇದ್ದ ಕಡೆ ಜನ ತಂದುಕೊಟ್ಟರು. ಇಲ್ಲದ ಕಡೆಯ ನಾಯಿಗಳ ಗತಿ ಏನಾಯಿತೋ ನನಗೆ ತಿಳಿಯದು.

ವಾಪಸು ಬಂದದ್ದನ್ನು ಎಲ್ಲಿ ಹಾಕುವುದು ಎಂಬುದು ಮತ್ತೊಂದು ಪೇಚು. ತಿಪ್ಪೆಗೆ ಎಸೆಯುವ ಹಾಗಿಲ್ಲ, ಹೂತರೆ ಕೆದರಿ ತಿನ್ನುತ್ತವೆ. ಭಟ್ಟಿಯಲ್ಲೇ ಸುಟ್ಟರು. ಸುಡುವಾಗ ಎಷ್ಟು ಪರಿಮಳ ಬಂತೆಂದರೆ ಆ ಭಾಗದ ಬೀದಿ ನಾಯಿಗಳೆಲ್ಲ ಗೇಟಿನ ಹೊರಗೆ ಬಂದು ಬಾಲ ಆಡಿಸುತ್ತ ನಿಂತವು. ಯಜಮಾನರೇ ಕೋಲು ಹಿಡಿದು, ಬೂದಿಯಾಗುವವರೆಗೂ ಅವನ್ನು ಅಟ್ಟುತ್ತಿದ್ದರು. ಅವರು ಮತ್ತೆ ನಾಯಿ ಬಿಸ್ಕೀಟು ಮಾಡಲಿಲ್ಲ.

ಮೋತ್ಯಾ ಅದೇ ವಾರ ಹೋಯಿತು.

ಯಜಮಾನರಿಗೆ ಹೇಳಿದಾಗ ಅವರು ಕಾಕುವನ್ನು ನೋಡಬೇಕೆಂದರು. ಬೇಡ ಎಂದರೂ ಕೇಳಲಿಲ್ಲ. ಊಟದ ಹೊತ್ತು ಮುಗಿದ ಮೇಲೆ ಇಬ್ಬರೂ ಖಾನಾವಳಿಗೆ ಹೋದೆವು. ಹೊಸ್ತಿಲಲ್ಲಿ ನಮ್ಮನ್ನು ತಡೆಯುವವರು ಇರಲಿಲ್ಲ. ಕಾಕು ಚಾಪೆ ಹಾಸಿ ಚಹಾ ಕೊಟ್ಟರು. ಯಜಮಾನರು ಲೋಟ ಮುಟ್ಟದೆ ಕೈ ಮುಗಿದರು.

“ತಪ್ಪಾಯ್ತು ಅಮ್ಮ. ಬೇಕಂತ ಮಾಡಿದ್ದಲ್ಲ.”

“ನಿಮ್ಮದೇನ್ ತಪ್ಪ ತಗೀರಿ,” ಎಂದರು ಕಾಕು. “ನಾನೂ ಹುರೀತೇನಿ, ಈಕಿ ಅವ್ವನೂ ಹುರೀತಾಳ. ನಿಮಗರ ಹೆಂಗ ತಿಳೀಬೇಕು.”

ಇಷ್ಟರಲ್ಲೇ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಡಾಕ್ಟರು ಹೇಳಿದ್ದನ್ನು ನೆನಪಿಸಿ ಸಮಾಧಾನ ಮಾಡಲು ನೋಡಿದೆ. ಯಕೃತ್ತು ಕೆಟ್ಟ ಮೇಲೆ ನಾಯಿಗೆ ಹಸಿವೇ ಆಗುವುದಿಲ್ಲ, ಕೊನೆಕೊನೆಗೆ ಅದು ತಿಂದದ್ದು ಅಷ್ಟರಲ್ಲೇ ಇತ್ತು, ಅದರಿಂದಲೇ ಹೋಯಿತು ಎಂದು ತಿಳಿಯಬೇಡಿ ಎಂದೆ.

ಕಾಕು ನನ್ನ ಮಾತನ್ನು ಪೂರ್ತಿ ಕೇಳಿದರು. ಬಲಗೈಯನ್ನು ಬಿಚ್ಚಿ, ಅಂಗೈ ನೋಡಿಕೊಂಡರು.

“ಹಸಿವು ಇದ್ದಿದ್ದಿಲ್ಲ ಅಂತ ನನಗ ಗೊತ್ತಿತ್ತು ತಂಗಿ,” ಎಂದರು. “ಮೂತಿ ಆ ಕಡೆ ಹೊಳ್ಳಸತಿತ್ತು. ‘ನನ್ನ ಸಲುವಾಗಿ ಒಂದ ತುತ್ತು ತಿನ್ನಪಾ’ ಅಂತಿದ್ದೆ. ನನ್ನ ಮಾರಿ ನೋಡ್ತಿತ್ತು, ತಿಂತಿತ್ತು.”